ಹಳ್ಳ ದಾಟದ ಕುಸುಬಿ

ಹಳ್ಳದ ಎರಡು ದಂಡೆಗಳ ಮೇಲಿರುವ ಆ ಎರಡು ಊರುಗಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಹೇಳಿದವರು ಬೇಡವೆಂದಿದ್ದಾರೆ. ಆಳಂದ ತಾಲೂಕಿನ ಕಡೆಯದನ್ನು ಮೇಲಿನೂರು, ಅಫಜಲಪುರ ತಾಲೂಕಿನ ಕಡೆಯದನ್ನು ಕೆಳಗಿನೂರು ಎಂದು ಕರೆಯುತ್ತೇನೆ. ನಡುವಿನ ಹಳ್ಳದಲ್ಲಿ ಮಳೆಗಾಲಕ್ಕೆ ಮೊಣಕಾಲಿನಷ್ಟು ನೀರು, ಬೇಸಿಗೆಗೆ ಬರೀ ಉಸುಕು. ಅದರ ಮೇಲೆ ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲದ ಸೇತುವೆ. ಈ ಕಥೆಯನ್ನು ಮೊದಲು ಮೇಲಿನೂರಿನಲ್ಲಿ ಪ್ಯಾರಿಬಿ ಹೇಳಿದರು. ಎರಡನೆಯ ಸಲ ಕೆಳಗಿನೂರಿನಲ್ಲಿ ತುಳಜಾಬಾಯಿ. ಮೂರನೆಯ ಸಲ ಜೇವರ್ಗಿಯಲ್ಲಿ ಸುಂದರಬಾಯಿ. ಮೂವರ ಮಾತೂ ಒಂದೇ ದಾರಿ ಹಿಡಿದು ನಡೆದು, ದೀಪ ಆರಿದ ಮುಂಜಾನೆಗೆ ಬಂದಾಗ ಮಾತ್ರ ಬೇರೆಯಾಗುತ್ತದೆ. ಆ ಜಾಗ ಬಂದಾಗ ಯಾರು ಏನೆಂದರೆಂದು ಬಿಡಿಸಿ ಬರೆಯುತ್ತೇನೆ.

ಮೇಲಿನೂರಿನಲ್ಲಿ ಶಿವರಾಯನೆಂಬ ಗಾಣಿಗನಿದ್ದ. ಅವನದು ಒಂಟಿ ಎತ್ತಿನ ಮರದ ಗಾಣ. ಊರಿನ ನಡುವೆ ಒಬ್ಬ ಶರಣರ ಗದ್ದುಗೆಯ ಮಠವಿದೆ, ಗದ್ದುಗೆಯ ಮುಂದೆ ಒಂದು ಹಿತ್ತಾಳೆಯ ದೀಪ. ಆ ದೀಪದ ಎಣ್ಣೆ ಶಿವರಾಯನ ಮುತ್ತಜ್ಜನ ಕಾಲದಿಂದ ಅವರದೇ ಗಾಣದ ಕುಸುಬೆ ಎಣ್ಣೆ. ಅದನ್ನು ಕೊಡುವುದಕ್ಕೂ ಒಂದು ಪದ್ಧತಿಯಿತ್ತು. ಪ್ರತಿ ಸೋಮವಾರ ಮುಂಜಾನೆ ಮಠದ ಅಯ್ಯನವರು ವಾರಕ್ಕೆ ಸಾಲುವಷ್ಟು ಹಿಡಿಯುವ ತಾಮ್ರದ ಸೊಲಗೆಯೊಂದನ್ನು ಹಿಡಿದು ಗಾಣದ ಮನೆಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಗಿರಾಕಿಗಳು ಬಾಟಲಿ, ಗಿಂಡಿ ಹಿಡಿದು ಅಂಗಳದಲ್ಲಿ ನಿಂತಿರಬೇಕು. ಅವರೆಲ್ಲರ ಎದುರಿಗೆ, ಅವರಿಗೆ ಅಳೆದು ಕೊಡುವ ಅದೇ ಹರವಿಯಲ್ಲಿ ಅಯ್ಯನವರು ತಮ್ಮ ಕೈಯಾರೆ ಸೊಲಗೆ ಅದ್ದಿ ತುಂಬಿಕೊಳ್ಳುತ್ತಿದ್ದರು. ಅವರು ಅಂಗಳ ದಾಟಿದ ಮೇಲೆಯೇ ಮಾರಾಟ. ಗದ್ದುಗೆಗೆ ಒಂದು ಎಣ್ಣೆ, ಗಿರಾಕಿಗೆ ಒಂದು ಎಣ್ಣೆ ಆಗಬಾರದು ಎಂಬುದು ಅದರ ಹುರುಳು. ಗಾಣಿಗ ಬೇರೆ ಗಡಿಗೆಯಲ್ಲಿ ತೆಗೆದಿಟ್ಟು ತಂದುಕೊಟ್ಟರೆ ಮಠ ಅದನ್ನು ಒಪ್ಪುತ್ತಿರಲಿಲ್ಲ.

ಶಿವರಾಯನಿಗೆ ಮಕ್ಕಳಿರಲಿಲ್ಲ. ಗಾಣ ತನ್ನೊಂದಿಗೇ ಮುಗಿಯುತ್ತದೆಂಬುದು ಅವನಿಗೆ ಗೊತ್ತಿತ್ತು. ಕೈಕಾಲು ಗಟ್ಟಿಯಿರುವವರೆಗೆ ಆ ಸೊಲಗೆ ತನ್ನ ಹರವಿಯಲ್ಲೇ ಮುಳುಗಬೇಕು, ಅಷ್ಟೇ ಅವನ ಆಸೆ. ಇದನ್ನು ಮೂವರೂ ಒಂದೇ ಬಗೆಯಲ್ಲಿ ಹೇಳುತ್ತಾರೆ.

ಕಥೆಗೆ ಎರಡು ವರ್ಷ ಮುಂಚೆ ಕೆಳಗಿನೂರಿನ ಗುರುಪಾದನೆಂಬ ಹುಡುಗ ಕರೆಂಟಿನ ಎಣ್ಣೆ ಮಷೀನು ತಂದು ಕೂರಿಸಿದ್ದ. ಹುಡುಗನೆಂದರೆ ಮೂವತ್ತೈದು ದಾಟಿದವನು. ಶಿವರಾಯನ ಎದುರಿಗೆ ಹುಡುಗ. ಅವನ ಎಣ್ಣೆಯೂ ಚೊಕ್ಕ ಕುಸುಬೆಯದೇ. ಇಬ್ಬರೂ ಕಾಳು ತರುತ್ತಿದ್ದುದು ಕೆಳಗಿನೂರಿನ ಹೊಲಗಳಿಂದ, ಹೆಚ್ಚಾಗಿ ಬೀರಲಿಂಗಪ್ಪನ ಕಣದಿಂದ. ಗುರುಪಾದ ಸೋಮವಾರದ ಸಂತೆಗೆ ಮೇಲಿನೂರಿಗೆ ಬಂದು ಬೇವಿನ ಕಟ್ಟೆಯ ಬಳಿ ಕ್ಯಾನು ಇಟ್ಟುಕೊಂಡು ಕೂರುತ್ತಿದ್ದ. ದರ ಕಡಿಮೆ, ಎಣ್ಣೆ ತಿಳಿ. ಶಿವರಾಯನ ಗಿರಾಕಿಗಳಲ್ಲಿ ಅರ್ಧ ಜನ ಅತ್ತ ಸರಿದರು. ಶಿವರಾಯ ಅದಕ್ಕೆ ಜಗಳ ಮಾಡಲಿಲ್ಲ. ಒಂದು ಸಲ ಕೇರುತ್ತಿದ್ದ ಕಾಳನ್ನು ಎರಡು ಸಲ ಕೇರಿಸಿದ, ಸೋಸುವ ಬಟ್ಟೆ ಹೊಸದು ತಂದ, ಎಣ್ಣೆಯನ್ನು ಮೂರು ದಿನ ತಂಗಲು ಬಿಟ್ಟು ತೆಗೆದ. ಹೋದವರಲ್ಲಿ ಕೆಲವರು ತಿರುಗಿ ಬಂದರು.

ಮೇಲಿನೂರಿನ ದಾರಿಗಳು ಕೂಡುವ ಕೂಟಿನಲ್ಲಿ ಮಿರ್ಚಿ ಭಜಿ ಕರಿಯುವ ಪ್ಯಾರಿಬಿ ಆ ಎರಡು ವರ್ಷವನ್ನು ನೆನೆದು ಹೀಗೆ ಹೇಳಿದರು: "ಆ ಟೈಮಿನಾಗ ನಾ ಇವ್ರ ಎಣ್ಣಿ ಒಂದು ವಾರ, ಅವ್ರ ಎಣ್ಣಿ ಒಂದು ವಾರ ಒಯ್ತಿದ್ದೆ. ಇಬ್ರೂ ನನ್ನ ಮಾರಿ ನೋಡ್ತಿದ್ರು, ಭಜಿ ಹೆಂಗಾಗ್ಯಾವ ಅಂತ. ಇಡೀ ಹಯಾತಿನಾಗ ನನ್ನ ಮಾತಿಗಿ ಅಷ್ಟು ಕಿಮ್ಮತ್ತು ಎಂದೂ ಇದ್ದಿದ್ದಿಲ್ಲ."

ಎರಡು ಸಾವಿರದ ಇಪ್ಪತ್ನಾಲ್ಕರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಹೊರದೇಶದಿಂದ ಬರುವ ಅಡುಗೆ ಎಣ್ಣೆಯ ಮೇಲಿನ ಸುಂಕ ಏರಿಸಿತು. ಪಾಕೀಟಿನ ಎಣ್ಣೆಯ ದರ ಏರಿತು. ಮೇಲಿನೂರಿನ ಪಂಚಾಯಿತಿ ಮೆಂಬರ ಅಮರನಾಥ ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಬೇವಿನ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದ. ಓದಿ ಮುಗಿದ ಮೇಲೆ ಮೊಬೈಲು ಜೇಬಿಗಿಟ್ಟುಕೊಂಡು ಕೇಳಿದ:

"ದಿಲ್ಲಿಯವರು ತಮ್ಮ ರೈತರ ಸಲುವಾಗಿ ಹೊರಗಿನ ಎಣ್ಣಿ ತಡೀತಾರಂದ್ರ, ನಮ್ಮೂರ ಗಾಣದ ಸಲುವಾಗಿ ನಾವು ತಡೀಬಾರದೇನು? ನಾಕು ತಲಿ ನಡೆದ ಗಾಣ ಅದು. ನಮ್ಮ ಗದ್ದುಗಿ ದೀಪ ಅದರ ಮ್ಯಾಲ ಅದ."

"ಪಾಕೀಟ ತಡೀರಿ, ಬ್ಯಾಡ ಅನ್ನಂಗಿಲ್ಲ," ಎಂದರಂತೆ ಪ್ಯಾರಿಬಿ. "ಗುರುಪಾದಂದು ಯಾಕ್ರೀ? ಕೆಳಗಿನೂರು ಯಾವಾಗ ಪರದೇಶ ಆಯ್ತು?"

"ಹಳ್ಳದ ಆಚಿಗೆ ಇದ್ದದ್ದೆಲ್ಲಾ ಹೊರಗಿಂದೇ, ಪ್ಯಾರಿಬಿ. ಒಂದು ಗೆರಿ ಅಂತ ಎಲ್ಲ್ಯಾರ ಎಳೀಬೇಕಲ್ಲ."

"ಹಂಗಾದ್ರ ನನ್ನ ಸೊಸಿನೂ ಹಳ್ಳದ ಆಚಿಗಿಂದ ಬಂದಾಳ. ಅಕಿಗೆಷ್ಟು ಸುಂಕ ಹಾಕ್ತೀರಿ, ಈಗೇ ಹೇಳಿಬಿಡ್ರಿ."

ಕಟ್ಟೆಯ ಮೇಲಿದ್ದವರು ನಕ್ಕರು. ನಕ್ಕರೂ ಅಮರನಾಥನ ಮಾತೇ ಗಟ್ಟಿಯಾಯಿತು. ಹೊರಗಿನ ಎಣ್ಣೆ ಊರಿನಲ್ಲಿ ಮಾರುವಂತಿಲ್ಲ, ಮಾರಿದರೆ ದಂಡ, ಹಿಡಿದ ಎಣ್ಣೆ ಮಠದ ದಾಸೋಹಕ್ಕೆ ಎಂದು ಕಟ್ಟೆಯ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು. ಹೀಗೆ ಮಾಡಿರೆಂದು ಶಿವರಾಯ ಕೇಳಿಕೊಂಡಿರಲಿಲ್ಲ. ಆದರೆ ಅಮರನಾಥ ಮನೆಗೆ ಬಂದು ತಿಳಿಸಿದಾಗ ಬೇಡವೆನ್ನಲೂ ಇಲ್ಲ. ಕೈ ಮುಗಿದ. "ಆ ಕೈ ಮುಗಿದದ್ದೇ ತಪ್ಪು" ಎಂದು ಸುಂದರಬಾಯಿ ನನಗೆ ಎರಡು ಸಲ ಹೇಳಿದರು. ಅವರು ಶಿವರಾಯನ ಹೆಂಡತಿ.

ಮುಂದಿನ ಸೋಮವಾರ ಗುರುಪಾದ ಕ್ಯಾನುಗಳನ್ನು ಗಾಡಿಗೆ ಕಟ್ಟಿಕೊಂಡು ಬಂದಾಗ ಸೇತುವೆಯ ಈಚೆ ಅಮರನಾಥ ನಿಂತಿದ್ದ. ಏರುಮಾತು ನಡೆಯಲಿಲ್ಲ. ಗುರುಪಾದ ಗಾಡಿ ತಿರುಗಿಸಿದ.

ದಸರೆ ಕಳೆದು ದೀಪಾವಳಿ ಬರುವವರೆಗೆ ಶಿವರಾಯನ ಅಂಗಳ ತುಂಬಿತ್ತು. ದರ ಒಂದಿಷ್ಟು ಏರಿಸಿದ. ಯಾಕೆಂದು ಯಾರೂ ಕೇಳಲಿಲ್ಲ, ಕೊಳ್ಳಲು ಬೇರೆ ಜಾಗವಿರಲಿಲ್ಲ. ಕಾಳು ಎರಡು ಸಲ ಕೇರುವುದು ಒಂದು ಸಲಕ್ಕೆ ಬಂತು. ಮೂರು ದಿನ ತಂಗುತ್ತಿದ್ದ ಎಣ್ಣೆ ಒಂದೇ ದಿನಕ್ಕೆ ಹರವಿ ಸೇರಿತು. ಭಜಿಯ ಬಾಣಲೆಯಲ್ಲಿ ನೊರೆ ಏಳುತ್ತಿದೆಯೆಂದು ಪ್ಯಾರಿಬಿ ಹೇಳಿದಾಗ ಅವನು ಅವರ ಮುಖ ನೋಡದೆ, "ಈ ಸಲದ ಕಾಳೇ ಹಂಗ ಅದ, ಅಕ್ಕಾ" ಎಂದ. ಕಾಳು ಎಂದಿನದೇ ಆಗಿತ್ತು.

ದೀಪಾವಳಿ ಕಳೆದ ವಾರ ಬೀರಲಿಂಗಪ್ಪ ಬಂದ. ಇಪ್ಪತ್ತು ವರ್ಷ ಅವನ ಕಣದ ಕುಸುಬೆ ಈ ಗಾಣಕ್ಕೆ ಬಂದಿತ್ತು. ಹಿಂಡಿ ತಿರುಗಿ ಅವನ ಎಮ್ಮೆಗಳಿಗೆ ಹೋಗಿತ್ತು. ಆ ದಿನ ಬರಿಗೈಲಿ ಬಂದು ಗಾಣದ ಕಟ್ಟೆಯ ಮೇಲೆ ಕುಳಿತ. ಅವನ ಹೆಂಡತಿ ತುಳಜಾಬಾಯಿ ಈ ಮಾತುಗಳನ್ನು ಗಂಡನ ಬಾಯಿಂದ ಎಷ್ಟು ಸಲ ಕೇಳಿದ್ದರೆಂದರೆ, ಇಬ್ಬರ ದನಿಯನ್ನೂ ಬೇರೆ ಬೇರೆ ಮಾಡಿ ಹೇಳಿದರು.

"ಚೀಲ ಎಲ್ಲಿಲೇ ಬೀರ್‍ಯಾ?" ಎಂದ ಶಿವರಾಯ.

"ಚೀಲಕ್ಕ ಹಳ್ಳ ದಾಟಾಕ ಬರಂಗಿಲ್ಲಂತ. ಊರಾಗ ಕುಂತು ಮಾತಾಡ್ಯಾರ. ನಮ್ಮ ಎಣ್ಣಿ ಬ್ಯಾಡ ಅಂದವರಿಗಿ ನಮ್ಮ ಕಾಳು ಯಾಕ ಅಂತ."

"ನೀ ಏನಂದಿ?"

"ನಾ ಏನನ್ಲಿ? ಅಮರನಾಥ ಕಟ್ಟಿ ಮ್ಯಾಲ ಕುಂತು ಮಾತಾಡಿದಾಗ ನೀ ಏನಂದಿ?"

ಶಿವರಾಯ ಎತ್ತಿನ ಕಣ್ಣುಪಟ್ಟಿ ಸರಿಮಾಡಿದ. ಬೀರಲಿಂಗಪ್ಪ ತನ್ನ ಎರಡೂ ಅಂಗೈ ಮುಂದೆ ಚಾಚಿದ. ಕುಸುಬೆ ಮುಳ್ಳಿನ ಗಿಡ; ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ಹೊತ್ತಿನಲ್ಲಿ, ಸೂರ್ಯ ಹುಟ್ಟುವ ಮುಂಚೆ, ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯಬೇಕು. ಸುತ್ತಿಕೊಂಡರೂ ಚುಚ್ಚುತ್ತದೆ.

"ಈ ಕೈ ನೋಡು. ನಿನ್ನ ಗಾಣಕ್ಕಂತ ಕೊಯ್ದದ್ದು ಇದು. ಇನ್ನ ಎಲ್ಲಾ ಗುರುಪಾದಗ ಹಾಕಬೇಕು. ಅವ ಒಬ್ಬನೇ ಕೊಳ್ಳಾಂವ ಆದ ಮ್ಯಾಲ ದರ ಅವನ ಬಾಯಾಗಿಂದೇ ಬರೋದು. ನಿಮ್ಮೂರವರು ನಿನಗ ಬೇಲಿ ಹಾಕ್ಯಾರ, ನಮ್ಮೂರವರು ನನಗ ಹಾಕ್ಯಾರ. ಆಡು ಇದ್ದಂಗಿದೀವಿ ಇಬ್ರೂ."

"ಒಂದ ಚೀಲರ ಕೊಡಲೇ. ದೀಪದ ಸಲುವಾಗಿ."

"ದೀಪಕ್ಕ ಅಂತ ಬೇರೆ ತೆಗೆದ್ರ ನಿಮ್ಮ ಅಯ್ಯಾರು ತಗೋತಾರೇನು?"

ಬೀರಲಿಂಗಪ್ಪ ಚಹಾ ಕುಡಿದು ಹೋದ. ಆ ಮೇಲೆ ಅವನು ಗಾಣದ ಮನೆಗೆ ಬಂದಿಲ್ಲ.

ಶಿವರಾಯ ಕಾಳಿಗಾಗಿ ಆಳಂದದ ಅಡತಿ ಅಂಗಡಿಗಳನ್ನು ಸುತ್ತಿದ. ತೊಗರಿ ಇತ್ತು, ಕಡಲೆ ಇತ್ತು. ಕುಸುಬೆ ಬಿತ್ತುವವರೇ ಕಡಿಮೆಯಾಗಿದ್ದರು. ಕಡಗಂಚಿಯಲ್ಲಿ ಪರಿಚಯದವರಿಂದ ಅರ್ಧ ಚೀಲ, ಚೌಡಾಪುರದ ಕಡೆಯಿಂದ ಒಂದು ಚೀಲ ಸಿಕ್ಕಿತು. ಡಿಸೆಂಬರ್ ಹೊತ್ತಿಗೆ ಅದೂ ಮುಗಿಯಿತು. ಇತ್ತ ಎಳ್ಳಮಾಸಿಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ ಉಣ್ಣುವ ಹಬ್ಬ. ಯಾವ ಮನೆಯಲ್ಲೂ ಎಣ್ಣೆ ಇಲ್ಲದೆ ನಡೆಯುವುದಿಲ್ಲ. ಅಮರನಾಥ ಬಂದು ಗಾಣ ನೋಡಿ, ಖಾಲಿ ಹರವಿ ನೋಡಿ, ಕುಳಿತುಕೊಳ್ಳದೆ ಹೇಳಿದ:

"ಶಿವರಾಯಣ್ಣ, ನಿನ್ನ ಸಲುವಾಗಿ ಊರಿಗಿ ಊರೇ ಕೆಳಗಿನೂರಿನ ಸಂಗಾಟ ಕೆಡಸ್ಕೊಂಡದ. ಈಗ ನೀ ಎಣ್ಣಿ ಇಲ್ಲ ಅಂದ್ರ ನನ್ನ ಮಾರಿ ಏನಾಗಬೇಕು?"

"ಕಾಳೇ ಇಲ್ಲಪ್ಪ."

"ಅದು ನನಗ ಗೊತ್ತಿಲ್ಲ. ಸೋಮವಾರ ಅಮಾಸಿ. ಅಯ್ಯಾರು ಸೊಲಗಿ ಹಿಡಕೊಂಡು ಬರ್ತಾರ."

ತನ್ನ ಹೆಸರಿನಲ್ಲಿ ಹಾಕಿದ ಬೇಲಿಯನ್ನು ಮೊದಲು ಹಾರಿದವನು ಶಿವರಾಯನೇ. ಆಳಂದಕ್ಕೆ ಹೋಗಿ ಪಾಮ್ ಎಣ್ಣೆಯ ಐದು ಡಬ್ಬಿ ಕೊಂಡು, ಆಟೋದಲ್ಲಿ ಹಾಕಿ, ಮೇಲೆ ಹಿಂಡಿಯ ಚೀಲ ಮುಚ್ಚಿ ತಂದ. ಹಡಗಿನಲ್ಲಿ ಬಂದ ಎಣ್ಣೆ. ದಿಲ್ಲಿ ಸುಂಕ ಹಾಕಿದ್ದು ಇದರ ಮೇಲೆ, ಮೇಲಿನೂರಿನ ಗೋಡೆಯ ಮೇಲೆ ಬರೆದದ್ದೂ ಇದಕ್ಕೇ. ತಂಗಿಸುವ ಗಡಿಗೆಗಳ ತಳದಲ್ಲಿ ಉಳಿದಿದ್ದ ಕುಸುಬೆ ಎಣ್ಣೆಯಲ್ಲಿ ಒಂದು ಸಣ್ಣ ಭರಣಿಯಷ್ಟನ್ನು ಸುಂದರಬಾಯಿ ಎತ್ತಿಟ್ಟರು. ಮಿಕ್ಕಿದ್ದನ್ನು ಹರವಿಗೆ ಸುರಿದು, ಅದರ ಮೇಲೆ ಡಬ್ಬಿಗಳನ್ನು ಬಗ್ಗಿಸಿದರು. ಒಂದು ಪಾಲು ಕುಸುಬೆ, ಐದು ಪಾಲು ಪಾಮ್. ಗಾಣ ನಿಂತರೆ ಊರಿಗೆ ಗೊತ್ತಾಗುತ್ತದೆಂದು ಹಳೆಯ ಹಿಂಡಿಯನ್ನೇ ಗಾಣಕ್ಕೆ ಹಾಕಿ ಎತ್ತನ್ನು ಸುತ್ತಿಸಿದ. ಮೂರು ದಿನ ಆ ಎತ್ತು ಏನನ್ನೂ ಅರೆಯದೆ ಸುತ್ತಿತು. ಓಣಿಯವರು ಗಾಣದ ಕಿರುಗುಟ್ಟುವ ಸದ್ದು ಕೇಳಿ ಎಣ್ಣೆ ಬರುತ್ತಿದೆಯೆಂದುಕೊಂಡರು.

ಸೋಮವಾರ ಅಯ್ಯನವರು ಬಂದರು. ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಶಿವರಾಯ ಹರವಿಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತ. ಅಯ್ಯನವರು ಸೊಲಗೆ ಅದ್ದಿದರು, ತುಂಬಿದರು, ಎಂದಿನಂತೆ ಗಾಣಕ್ಕೆ ವಿಭೂತಿ ಹಚ್ಚಿ ಹೊರಟರು. ಆಮೇಲೆ ಮಾರಾಟ ನಡೆಯಿತು. ಪ್ಯಾರಿಬಿ ಎರಡು ಬಾಟಲಿ ಒಯ್ದರು.

ಅಮಾವಾಸ್ಯೆ ಕಳೆದು ಮೂರನೆಯ ದಿನ ಚಳಿ ಇದ್ದಕ್ಕಿದ್ದಂತೆ ಏರಿತು. ಕುಸುಬೆ ಎಣ್ಣೆ ಈ ಸೀಮೆಯ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಪಾಮ್ ಎಣ್ಣೆ ಕಟ್ಟುತ್ತದೆ. ಇದು ಮೂರು ಡಬ್ಬಿ ಮಾರಿದ ಯಾವ ಅಂಗಡಿಯವನಿಗೂ ಗೊತ್ತಿರುವ ಮಾತು. ಜನ್ಮವೆಲ್ಲ ಕುಸುಬೆಯನ್ನಷ್ಟೇ ಅರೆದ ಶಿವರಾಯನಿಗೆ ಅದು ಗೊತ್ತಿರಲಿಲ್ಲ.

ಇಲ್ಲಿಂದ ಮೂವರ ಮಾತು ಬೇರೆಯಾಗುತ್ತದೆ.

ಮೇಲಿನೂರಿನಲ್ಲಿ ಪ್ಯಾರಿಬಿ ಹೇಳಿದ್ದು ಇದು: ಹಿತ್ತಾಳೆಯ ಬಟ್ಟಲಿನ ಎಣ್ಣೆ ಬೆಳ್ಳಗೆ ತುಪ್ಪದಂತೆ ಕಟ್ಟಿತು, ಬತ್ತಿಗೆ ಏರಲಿಲ್ಲ, ದೀಪ ತಾನಾಗಿ ಆರಿತು. ಕೆಳಗಿನೂರಿನ ತುಳಜಾಬಾಯಿಯವರ ಮಾತಿನಂತೆ ದೀಪ ಆರಿರಲಿಲ್ಲ. ಅಯ್ಯನವರು ಮುಂಜಾನೆ ಬಂದು ನೋಡಿ, ಬೆರಳಿನಿಂದ ಕೆರೆದು ಮೂಸಿ, ತಾವೇ ಆರಿಸಿದರು. ಸುಂದರಬಾಯಿಯವರು ಹೇಳಿದ್ದು ಇವೆರಡೂ ಅಲ್ಲ. ಅವರ ಮಾತನ್ನು ಇದ್ದಂತೆಯೇ ಬರೆದುಕೊಂಡಿದ್ದೇನೆ.

"ಬೆಳಕು ಹರಿಯೋ ಹೊತ್ತಿನಾಗ ಒಲಿ ಹಚ್ಚಾಕಂತ ಎದ್ದೆ. ಗಿಂಡ್ಯಾಗಿಂದು ಎಣ್ಣಿ ಬೀಳವಲ್ದು. ಬಗ್ಗಿಸಿದ್ರ ಬೀಳವಲ್ದು. ಇವರನ್ನ ಎಬ್ಬಿಸಿ ತೋರಿಸಿದೆ. ನೋಡಿದ್ರು. ನಾ ಎತ್ತಿಟ್ಟ ಭರಣಿ ತಂದು ಅವರ ಕೈಯಾಗ ಕೊಟ್ಟೆ. ಅಯ್ಯಾರು ಇನ್ನಾ ಬಂದಿರಂಗಿಲ್ಲ, ಜಲ್ದಿ ಹೋಗ್ರಿ, ಬಟ್ಟಲ ವರಸಿ ಇದನ್ನ ಹಾಕಿ ಬರ್ರಿ ಅಂದೆ. ಓಡಿದ್ರು. ನಾನೂ ಹಿಂದ ಹೋದೆ. ದೀಪ ಸಣ್ಣಗ ಉರೀತಿತ್ತು. ಬತ್ತಿ ಸುತ್ತ ಇಷ್ಟೇ ಕರಗಿ, ಉಳಿದದ್ದೆಲ್ಲಾ ಕಟ್ಟಿ ಕುಂತಿತ್ತು. ಮಠದಾಗ ಒಬ್ಬರೂ ಇದ್ದಿದ್ದಿಲ್ಲ. ಇವರು ಧೋತರದ ಚುಂಗು ಕೈಗಿ ಸುತ್ತಿಕೊಂಡು ಬಟ್ಟಲ ಮುಟ್ಟಿದ್ರು. ಆಮ್ಯಾಲ ಹಂಗೇ ನಿಂತ್ರು. ಹಾಕ್ರಿ, ಯಾರರ ಬರ್ತಾರ ಅಂದೆ. ಅದಕ್ಕ ಅವರು, ಸುಂದರಾ, ಪ್ಯಾರಿಬಿ ಮನ್ಯಾಗ ಕಟ್ಟೇದ, ಅಮರನಾಥನ ಮನ್ಯಾಗ ಕಟ್ಟೇದ, ಮನಿ ಮನ್ಯಾಗ ಕಟ್ಟೇದ. ಇದೊಂದು ತೊಳೆದ್ರ ಗದ್ದುಗಿದು ಬ್ಯಾರೆ, ಮಂದಿದು ಬ್ಯಾರೆ ಆಗಂಗಿಲ್ಲೇನು ಅಂದ್ರು. ಅಂದು ಬೆರಳಲೆ ಬತ್ತಿ ಒತ್ತಿದ್ರು. ಆರಿಸಿ, ಅಲ್ಲೇ ನೆಲದ ಮ್ಯಾಲ ಕುಂತ್ರು, ಅಯ್ಯಾರು ಬರೋತನ."

ಇಲ್ಲಿಂದ ಮೂವರ ಮಾತೂ ಮತ್ತೆ ಒಂದೇ. ಅಯ್ಯನವರು ಬಂದು ನೋಡಿದರು. ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: "ಈಗ ಎಣ್ಣಿ ಎಲ್ಲಿಂದ ತರೋಣು, ಶಿವರಾಯಪ್ಪ?"

ಶಿವರಾಯ ಎದ್ದು ಸೊಲಗೆಗೆ ಕೈ ಚಾಚಿದ. ಅಯ್ಯನವರು ಕೊಟ್ಟರು. ಆ ಸೊಲಗೆ ಗಾಣಿಗನ ಕೈಗೆ ಬಂದದ್ದು ಅದೇ ಮೊದಲು. ಅವನು ಹಿಡಿದುಕೊಂಡು ಸೇತುವೆ ದಾಟಿ ಕೆಳಗಿನೂರಿಗೆ ಹೋದ. ಗುರುಪಾದ ಮಷೀನಿನ ಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ. ಸೊಲಗೆ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ನಮ್ಮದು ಹೊರಗಿನ ಎಣ್ಣಿ ಅಲ್ರಿ, ಕಾಕಾ?"

"ಹೌದಪ್ಪ."

"ದಂಡ ಯಾರು ಕಟ್ಟಬೇಕು? ನಾನೋ, ನೀವೋ?"

"ನಾ ಕಟ್ಟೇನಪ್ಪ ಆಗಲೇ."

ಗುರುಪಾದ ಬಾಯಿ ತೊಳೆದುಕೊಂಡು ಬಂದ. ತಾನು ತುಂಬಲಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದು ಸರಿದು ನಿಂತ. ಶಿವರಾಯ ತನ್ನ ಕೈಯಿಂದಲೇ ಅದ್ದಿ ತುಂಬಿಕೊಂಡ. ಸೇತುವೆಯ ಈಚೆ ಅಮರನಾಥ ಬಂದು ನಿಂತಿದ್ದ. ಅಷ್ಟು ಹೊತ್ತಿಗೆ ಊರೆಲ್ಲ ಬಾಟಲಿ ಬಗ್ಗಿಸಿ ನೋಡಿಯಾಗಿತ್ತು. ಅವನು ತಡೆಯಲಿಲ್ಲ. ದಾರಿ ಬಿಟ್ಟು ಹಳ್ಳದ ಕಡೆ ಮುಖ ಮಾಡಿದ.

ಗದ್ದುಗೆಯ ದೀಪ ಆ ದಿನದಿಂದ ಗುರುಪಾದನ ಎಣ್ಣೆಯಲ್ಲಿ ಉರಿಯುತ್ತಿದೆ. ಶಿವರಾಯನಿಗೆ ಯಾರೂ ದಂಡ ಹಾಕಲಿಲ್ಲ, ಅಂಗಳಕ್ಕೆ ಬರುವುದನ್ನು ಬಿಟ್ಟರು. ಪ್ಯಾರಿಬಿ ಮಾತ್ರ ಒಂದು ದಿನ ಹೋಗಿ, "ನನಗೊಬ್ಬಾಕಿಗರ ಹೇಳಬೇಕಿತ್ತು ಅಣ್ಣಾ, ಬಾಣಲಿ ಮುಂದ ಕುಂತಾಕಿ ನಾನು" ಎಂದು ಹೇಳಿ ಬಂದರಂತೆ. ಯುಗಾದಿಯ ಹೊತ್ತಿಗೆ ಎತ್ತು ಮಾರಿದರು. ಗಾಣದ ಮರವನ್ನು ಕೊಳ್ಳುವವರಿರಲಿಲ್ಲ. ಅದು ಈಗಲೂ ಅಲ್ಲೇ ಇದೆ, ಕೋಳಿಗಳು ಅದರ ಮೇಲೆ ಕೂರುತ್ತವೆ.

ಹಳ್ಳದ ಆಚೆಗೂ ಒಳಿತಾಗಲಿಲ್ಲ. ಕೊಳ್ಳುವವನು ತಾನೊಬ್ಬನೇ ಆದ ಮೇಲೆ ಗುರುಪಾದ ಕಾಳಿನ ದರ ಇಳಿಸಿದ. ಮುಂದಿನ ಹಿಂಗಾರಿಗೆ ಬೀರಲಿಂಗಪ್ಪ ಕುಸುಬೆ ಬಿಟ್ಟು ಕಡಲೆ ಬಿತ್ತಿದ. "ಕೈ ಮೆತ್ತಗಾಗ್ಯಾವ ಈಗ," ಎಂದರು ತುಳಜಾಬಾಯಿ, "ಅದೊಂದೇ ಲಾಭ." ಅದಕ್ಕೂ ಮುಂಚೆಯೇ, ಬೇಸಿಗೆ ಮುಗಿಯುವಾಗ, ದಿಲ್ಲಿಯಲ್ಲಿ ಹೊರದೇಶದ ಸಂಸ್ಕರಿಸದ ಎಣ್ಣೆಯ ಮೇಲಿನ ಸುಂಕವನ್ನು ತಿರುಗಿ ಇಳಿಸಿದ್ದರು, ಪಾಕೀಟಿನ ಎಣ್ಣೆ ಅಗ್ಗವಾಗಿತ್ತು. ಗುರುಪಾದನ ಮಷೀನು ಈಗ ವಾರಕ್ಕೆ ಎರಡು ದಿನ ನಡೆಯುತ್ತದೆ. ಅಮರನಾಥ ಬರೆಸಿದ ಗೋಡೆಯ ಕೆಂಪು ಅಕ್ಷರಗಳನ್ನು ಯಾರೂ ಅಳಿಸಿಲ್ಲ. ಅದರ ಕೆಳಗೇ ಪಾಕೀಟು ಮಾರುವ ಅಂಗಡಿ ತೆರೆದಿದೆ.

ಶಿವರಾಯ, ಸುಂದರಬಾಯಿ ಜೇವರ್ಗಿಗೆ ಬಂದು ಒಂದು ಖೋಲಿ ಹಿಡಿದಿದ್ದಾರೆ. ಅವನು ಸಗಟು ಕಿರಾಣಿ ಅಂಗಡಿಯೊಂದರ ಗೋದಾಮಿನಲ್ಲಿ ಲಾರಿಯಿಂದ ಮಾಲು ಇಳಿಸುತ್ತಾನೆ. ಹೆಚ್ಚಿನದು ಪಾಮ್ ಎಣ್ಣೆಯ ಡಬ್ಬಿಗಳೇ. ನಾನು ಹೋದಾಗ ಅವನು ಕೆಲಸಕ್ಕೆ ಹೋಗಿದ್ದ. ಈ ಕಥೆಯನ್ನು ಅವನ ಬಾಯಿಂದ ಕೇಳಿಲ್ಲ. ಸುಂದರಬಾಯಿಯವರ ಅಡುಗೆಯ ಮೂಲೆಯಲ್ಲಿ, ಉಪ್ಪಿನ ಡಬ್ಬಿಯ ಹಿಂದೆ, ಬಾಯಿಗೆ ಅರಿವೆ ಕಟ್ಟಿದ ಒಂದು ಸಣ್ಣ ಭರಣಿ ಇತ್ತು. ಕೇಳುವುದಕ್ಕೆ ಮುಂಚೆಯೇ ಅವರು ಹೇಳಿದರು:

"ಅದೇ ಅದು. ದಿನಾ ದೀಪ ಹಚ್ಚಾಗ ಒಂದು ಹನಿ ಹಾಕ್ತೇನಿ ಅಂದ್ರ ಬ್ಯಾಡಂತಾರ. ಉಣ್ಣಾಕೂ ಕೊಡಂಗಿಲ್ಲ. ಚಳಿ ಬಂತಂದ್ರ ಸಾಕು, ಕೆಲಸಕ್ಕ ಹೋಗೋ ಮುಂಚೆ ಅದನ್ನ ಒಮ್ಮಿ ಇಳಿಸಿ, ಕಿವಿ ಹತ್ತಿರ ಹಿಡಿದು ಅಲುಗಿಸಿ ನೋಡ್ತಾರ."

"ನೋಡಿ?"

"ಒಳಗ ಅಲುಗಾಡ್ತದ. ತಿರುಗಿ ಇಟ್ಟು ಡಬ್ಬಿ ಹೊರಾಕ ಹೋಗ್ತಾರ."